ಡುಮ್ಮಿ ಎಂಬ ಮುದ್ದು ಹೆಸರು

ಲಕ್ಷ್ಮೇಶ್ವರ

ಸೋಮೇಶಣ್ಣನಿಗೆ ವನಿತಾಳ ನಮಸ್ಕಾರ.

ಮೊನ್ನೆ ನನ್ನ ಮಗಳು ದುರ್ಗಾ ಶಾಲೆಯಲ್ಲಿ ತಲೆ ಸುತ್ತಿ ಬಿದ್ದಳು. ಈಗ ಆರಾಮಾಗಿದ್ದಾಳೆ, ಗಾಬರಿಯಾಗಬೇಡ. ಕಟ್ಟಿಕೊಟ್ಟ ರೊಟ್ಟಿಯನ್ನು ದಿನಾ ಗೆಳತಿಗೆ ಕೊಟ್ಟು ಉಪವಾಸ ಇರುತ್ತಿದ್ದಳಂತೆ. ಯಾಕೆಂದು ಕೇಳಿದರೆ, “ಪಂಚಮಿಗೆ ಕರಿಯಾಕ ಮಾಮಾ ಬರತಾನ. ಅಷ್ಟರಾಗ ತೆಳ್ಳಗಾಗಬೇಕವ್ವಾ” ಎಂದಳು.

ನೀನು ಬಾಗಿಲಲ್ಲೇ “ಎಲ್ಲದಾಳ ನಮ್ಮ ಡುಮ್ಮಿ?” ಎಂದು ಕೂಗುವುದು ಮುದ್ದಿಗೇ ಎಂದು ನನಗೆ ಗೊತ್ತು. ಓಣಿಯ ಹುಡುಗರು ಹಾಗೆಂದರೆ ಅವಳು ತಿರುಗಿ ಬೈದು ಬರುತ್ತಾಳೆ. ನಿನ್ನ ಮಾತಿಗೆ ಮಾತ್ರ, “ಮಾಮಾ ಸುಳ್ಳು ಹೇಳಂಗಿಲ್ಲಲ್ಲ” ಎಂದು ಅತ್ತಳು.

ತಪ್ಪದೇ ಬಾ ಅಣ್ಣಾ. ಬಂದಾಗ ಈ ವಿಷಯ ಎತ್ತಬೇಡ. ಅವಳನ್ನು ಹೆಸರು ಹಿಡಿದು ಕರೆ, ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡು. ಇನ್ನೊಂದು ಶೇಂಗಾ ಉಂಡಿಗೆ ಅವಳು ಕೈ ಚಾಚಿದರೆ, ನಗದೇ ಕೊಡು.

ನಿನ್ನ ತಂಗಿ,
ವನಿತಾ