ಆರೂ ಗಂಡು

ಬುಧವಾರ, ಮಧ್ಯಾಹ್ನ
ಅಂಗಡಿಯಿಂದ

ನನ್ನ ಪ್ರೀತಿಯ ತಂಗಿ ಕಡ್ಡಿಗೆ,

ಇಲ್ಲಿ ತೊಟ್ಟಿಯ ಮೀನುಗಳೆಲ್ಲ ಕ್ಷೇಮ. ನನ್ನ ಕ್ಷೇಮ ಎಷ್ಟರದ್ದು ಅನ್ನುವುದು ಓದುತ್ತ ಹೋದರೆ ನಿನಗೇ ತಿಳಿಯುತ್ತದೆ. ನೀನು ಅಂಗಡಿ ಬಿಟ್ಟು ಹೋಗಿ ನಲವತ್ತೊಂದು ದಿನವಾಯಿತು. ಫೋನ್ ಮಾಡಿದರೆ ನಾನು ಮಾತಿನಲ್ಲಿ ಗೆದ್ದುಬಿಡುತ್ತೇನೆ, ಅದು ಇಬ್ಬರಿಗೂ ಗೊತ್ತು. ಅದಕ್ಕೇ ಕಾಗದ. ಹರಿದು ಬಿಸಾಡಬೇಕು ಅನ್ನಿಸಿದರೆ ಬಿಸಾಡು, ಆದರೆ ಪೂರ್ತಿ ಓದಿ ಆಮೇಲೆ ಹರಿ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮತ್ಸ್ಯಾಲಯದಲ್ಲಿ ಮೀನು ನೋಡಿಕೊಳ್ಳುವ ಕೆಲಸಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ಬರುವ ಸೋಮವಾರ ಹತ್ತು ಗಂಟೆಗೆ ಮತ್ತೆ ಕರೆದು ನೋಡುತ್ತಾರೆ. ನೀನು ಹೋಗಲೇಬೇಕು. ಹೋದ ಸಲ ಅವರು ನಿನ್ನನ್ನು ಬೇಡವೆಂದದ್ದು ನಿನ್ನ ಕೆಲಸ ನೋಡಿ ಅಲ್ಲ, ನನ್ನ ಮಾತು ನಂಬಿ. ಅದು ಹೇಗೆ ಎಂದು ಬರೆಯಲು ಎರಡು ಹಾಳೆ ಆಗಲೇ ಹಾಳಾಗಿವೆ. ಇದು ಮೂರನೆಯದು.

ಹಲ್ಲಿನ ಡಾಕ್ಟರನ್ನು ನೀನು ಮರೆತಿರಲಾರೆ. ನಿವೃತ್ತರಾದ ಮೇಲೆ ಜನರ ಬಾಯಿ ಬಿಟ್ಟು ಮೀನಿನ ಬಾಯಿ ನೋಡಲು ಕೂತವರು. ಹದಿನಾಲ್ಕು ತಿಂಗಳ ಹಿಂದೆ ಬಂದು, ಮರಿ ಮಾಡಿಸಬೇಕು, ಮೂರು ಜೋಡಿ ಲೋಚ್ ಮೀನು ಬೇಕು ಎಂದರು. ನಮ್ಮಲ್ಲಿದ್ದ ಗೇಣುದ್ದದ, ಮಣ್ಣಿನ ಬಣ್ಣದ, ಮೀಸೆಯವು. ಮರಳಲ್ಲಿ ಮೈ ಹುದುಗಿಸಿ ಮೂತಿ ಮಾತ್ರ ಹೊರಗಿಟ್ಟು ಮಲಗುತ್ತಿದ್ದವಲ್ಲ, ಅವು. ನಾನು ಬಲೆ ಹಾಕಿ ಮೂರು ದಪ್ಪನೆಯವನ್ನೂ ಮೂರು ತೆಳ್ಳನೆಯವನ್ನೂ ತೆಗೆದೆ. “ದುಂಡಗಿರೋದು ಹೆಣ್ಣು, ಸಪೂರ ಇರೋದು ಗಂಡು. ಕಣ್ಣು ಮುಚ್ಚಿಕೊಂಡು ಹೇಳ್ತೀನಿ ಸಾರ್” ಎಂದೆ. ನಿಜವಾಗಿ ಕಣ್ಣು ಮುಚ್ಚಿಕೊಂಡೇ ಹೇಳಿದ್ದು ಅದು. ನೀನು ಪಕ್ಕದಲ್ಲಿ ನಿಂತು ಮೆಲ್ಲಗೆ, “ಅಕ್ಕಾ, ಹೊಟ್ಟೆ ನೋಡ್ಬೇಡ, ಮುಂದಿನ ರೆಕ್ಕೆ ನೋಡು. ಆರೂ ಗಂಡು” ಅಂದೆ. ನಾನು ನಿನ್ನ ಕಾಲು ತುಳಿದೆ.

ನೀನು ಹೇಗೆ ನೋಡುತ್ತಿದ್ದೆ ಎನ್ನುವುದು ನನಗೆ ಗೊತ್ತಿತ್ತು. ಒಂದೊಂದನ್ನೇ ನೆಟ್ಟಗಿನ ಗಾಜಿನ ಲೋಟಕ್ಕೆ ಬಿಟ್ಟು, ಬೆಳಕಿಗೆ ಹಿಡಿದು, ಅದು ಒದ್ದಾಟ ನಿಲ್ಲಿಸಿ ತಳಕ್ಕೆ ಕೂತು ರೆಕ್ಕೆ ಬಿಚ್ಚುವವರೆಗೆ ಕಾಯುತ್ತಿದ್ದೆ. ಕಿವಿರಿನ ಹಿಂದಿನ ಜೋಡಿ ರೆಕ್ಕೆ ಉದ್ದವಾಗಿ, ಚೂಪಾಗಿ, ಅದರಲ್ಲೊಂದು ಎಳೆ ದಪ್ಪಗಿದ್ದರೆ ಗಂಡು. ಗಿಡ್ಡವಾಗಿ, ಉಗುರಿನ ತುದಿಯಂತೆ ದುಂಡಗಿದ್ದರೆ ಹೆಣ್ಣು. ಹೊಟ್ಟೆಯನ್ನು ನಂಬಬಾರದು, ಚೆನ್ನಾಗಿ ತಿಂದ ಗಂಡಿಗೂ ಹೊಟ್ಟೆ ಬರುತ್ತದೆ ಅನ್ನುತ್ತಿದ್ದೆ. “ನನ್ನ ತಂಗಿ ಮೀನಿಗೆ ಹಸ್ತರೇಖೆ ನೋಡ್ತಾಳೆ” ಎಂದು ನಾನು ಗಿರಾಕಿಗಳನ್ನು ನಗಿಸುತ್ತಿದ್ದೆ. ಮೆಟ್ಟಿಲ ಕೆಳಗೆ ಎರಡು ಗಾಜಿನ ಭರಣಿ ಇಟ್ಟುಕೊಂಡು ಶುರು ಮಾಡಿದವಳು ನಾನು. ಬಾಯೇ ನನ್ನ ಬಂಡವಾಳ. ಲೋಟ ಹಿಡಿದು ಕಾಯುವವರನ್ನು ಕಂಡರೆ ನನಗೆ ಒಳಗೊಳಗೇ ಭಯ.

ನಲವತ್ತೊಂದು ದಿನದ ಹಿಂದೆ ಡಾಕ್ಟರು ಮತ್ತೆ ಬಂದರಲ್ಲ, ಆಗ ಅಂಗಡಿಯಲ್ಲಿ ಐದು ಜನ ಗಿರಾಕಿಗಳಿದ್ದರು. “ಒಂದು ಮೊಟ್ಟೆಯೂ ಇಲ್ಲ, ಏನಮ್ಮಾ ಇದು?” ಎಂದು ಅವರು ಕೇಳಿದ ಕೂಡಲೇ ನನ್ನ ಬಾಯಿ ನನಗಿಂತ ಮುಂದೆ ಓಡಿತು. “ವಿಂಗಡಿಸಿ ಇಟ್ಟಿದ್ದು ನನ್ನ ತಂಗಿ ಸಾರ್. ನಾನು ಇವಳನ್ನ ನಂಬಿ ಕೊಟ್ಟೆ. ಎಷ್ಟು ಹೇಳಿಕೊಟ್ಟರೂ ಇವಳಿಗೆ ಗಂಡು ಹೆಣ್ಣು ತಿಳಿಯಲ್ಲ” ಎಂದೆ. ಐದೂ ಜನ ನಕ್ಕರು. ನೀನು ಕೈಯಲ್ಲಿದ್ದ ಬಲೆಯನ್ನು ನಲ್ಲಿಯಲ್ಲಿ ತೊಳೆದು, ನೀರು ಕೊಡವಿ, ಮೊಳೆಗೆ ನೇತುಹಾಕಿ ಹೊರಟುಹೋದೆ. ಬಲೆಯನ್ನು ನನ್ನ ಮುಖಕ್ಕೆ ಎಸೆದಿದ್ದರೆ ನಾನೂ ನಾಲ್ಕು ಮಾತು ಕೂಗಾಡಿ ಹಗುರಾಗುತ್ತಿದ್ದೆ. ತೊಳೆದು ಹೋದೆಯಲ್ಲ.

ಹೋದ ಗುರುವಾರ ಡಾಕ್ಟರು ಹುಳುವಿನ ಪೊಟ್ಟಣ ಕೊಳ್ಳಲು ಬಂದಿದ್ದರು. ಅವರು ಮತ್ಸ್ಯಾಲಯದ ಸಮಿತಿಯಲ್ಲಿದ್ದಾರೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. “ನಿಮ್ಮ ತಂಗಿ ನಮ್ಮಲ್ಲಿಗೂ ಬಂದಿದ್ದರು. ಗಂಡು ಹೆಣ್ಣು ಗೊತ್ತಾಗದವರಿಗೆ ಅಷ್ಟು ಮೀನು ಒಪ್ಪಿಸೋದು ಹೇಗೆ? ನಾನೇ ಬೇಡ ಅಂದೆ” ಎಂದು ನನಗೇನೋ ಉಪಕಾರ ಮಾಡಿದವರಂತೆ ಹೇಳಿದರು. ನಾನು ಏನಂದೆ ಗೊತ್ತೇ? “ಹ್ಞೂಂ ಸಾರ್” ಅಂದೆ. ಪೊಟ್ಟಣ ಕಟ್ಟಿಕೊಟ್ಟೆ. ಅವರು ಬೀದಿ ತಿರುಗುವವರೆಗೂ ನಗುಮುಖ ಇಟ್ಟುಕೊಂಡೇ ನಿಂತಿದ್ದೆ.

ಮೂರು ದಿನ ತಡೆದು ಭಾನುವಾರ ಅವರ ಮನೆಗೆ ಹೋದೆ. ಅಲ್ಲಿಯ ವ್ಯವಸ್ಥೆ ನೀನು ನೋಡಬೇಕಿತ್ತು. ಮೀನಿನ ಮೀಸೆ ತರಚಬಾರದೆಂದು ಹಿಟ್ಟಿನಂಥ ಮರಳು, ಅಡಗಿಕೊಳ್ಳಲು ಮಣ್ಣಿನ ಕೊಳವೆ, ಮಂದ ದೀಪ, ನೀರು ತಂಪಾಗಲೆಂದು ತೇಲಿಬಿಟ್ಟ ಐಸಿನ ಬಾಟಲಿ. ಕೋಣೆ ಹೆರಿಗೆ ವಾರ್ಡಿನಂತಿತ್ತು. ಅವರ ಹೆಂಡತಿ ಪಿಸುದನಿಯಲ್ಲಿ, “ಟಿವಿ ಶಬ್ದ ಕೂಡ ತಗ್ಗಿಸಿಬಿಟ್ಟಿದ್ದೀವಿ, ಪಾಪ, ಅವಕ್ಕೆ ಸಂಕೋಚ ಆಗ್ಬಾರ್ದಲ್ಲ” ಎಂದರು.

ಒಂದು ಗಾಜಿನ ಲೋಟ ಕೇಳಿದೆ. ನಿನ್ನ ಹಾಗೆಯೇ ಒಂದೊಂದನ್ನೇ ಬಿಟ್ಟು, ಕಿಟಕಿಗೆ ಹಿಡಿದು ಕಾದೆ. ಮೊದಲನೆಯದು ಚೂಪು. ಎರಡನೆಯದು ಚೂಪು. “ಇದೂ ಗಂಡೇ?” “ಗಂಡೇ ಸಾರ್.” ಆರನೆಯದನ್ನು ಎತ್ತುವಾಗ ಡಾಕ್ಟರು ಕೇಳುವುದನ್ನೇ ಬಿಟ್ಟಿದ್ದರು. ಅವರ ಹೆಂಡತಿ ಮಾತ್ರ, “ಅಂದ್ರೆ ಹದಿನಾಲ್ಕು ತಿಂಗಳಿಂದ ನಾವು ಗಂಡಸರ ಹಾಸ್ಟೆಲ್ಲಿಗೆ ಟಿವಿ ತಗ್ಗಿಸಿಕೊಂಡು ಕೂತಿದ್ದೀವಾ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ಹೇಳಿದೆ. ನನ್ನ ತಂಗಿ ಅವತ್ತೇ ಆರೂ ಗಂಡು ಅಂದಿದ್ದಳು ಸಾರ್, ನಾನು ಅವಳ ಬಾಯಿ ಮುಚ್ಚಿಸಿದೆ, ಆಮೇಲೆ ತಪ್ಪನ್ನು ಅವಳ ತಲೆಗೆ ಕಟ್ಟಿದೆ ಎಂದೆ. ಡಾಕ್ಟರು ನಗಲಿಲ್ಲ. “ಮೀನಿನ ಮಾತು ಬಿಡಿ. ಆ ಹುಡುಗಿಯ ಮೇಲೆ ನಾನು ನಾಲ್ಕು ಜನರ ಮುಂದೆ ಮಾತಾಡಿಬಿಟ್ಟಿದ್ದೀನಲ್ಲಮ್ಮಾ” ಎಂದು ಕನ್ನಡಕ ತೆಗೆದು ಒರೆಸತೊಡಗಿದರು. ಬರೆದುಕೊಡಿ ಎಂದರು. ಔಷಧಿ ಬರೆಯುವ ಚೀಟಿಯ ಮೇಲೆಯೇ ಬರೆದು ಸಹಿ ಹಾಕಿದೆ. ಸೋಮವಾರ ಸಮಿತಿಯ ಮುಂದೆ ಓದುತ್ತಾರಂತೆ.

ಅವತ್ತು ನಕ್ಕ ಐದು ಜನರಲ್ಲಿ ಮೂವರು ಸಿಕ್ಕಿದ್ದಾರೆ, ಅವರಿಗೂ ಹೇಳಿದ್ದೇನೆ. ಒಬ್ಬರಿಗೆ ವಿಷಯವೇ ನೆನಪಿರಲಿಲ್ಲ, ಎಲ್ಲ ಮೊದಲಿಂದ ವಿವರಿಸಬೇಕಾಯಿತು. ಅವಮಾನವನ್ನು ಹೀಗೆ ಬಿಡಿಸಿ ಬಿಡಿಸಿ ಹೇಳುವ ಶಿಕ್ಷೆ ನನಗೆ ಬೇಕಿತ್ತು. ಇನ್ನಿಬ್ಬರನ್ನು ಹುಡುಕುತ್ತಿದ್ದೇನೆ.

ಅಂಗಡಿಗೆ ವಾಪಸ್ ಬಾ ಎನ್ನಲು ಬಾಯಿ ಬರುತ್ತಿಲ್ಲ. ನನ್ನ ಬಾಯಿಗೂ ಬಾರದ ಮಾತು ಅಂತ ಒಂದು ಇದೆ, ನೋಡು. ನೀನು ಮತ್ಸ್ಯಾಲಯಕ್ಕೆ ಹೋಗು. ಸೋಮವಾರ, ಹತ್ತು ಗಂಟೆ.

ತಲೆ ತಗ್ಗಿಸಿ,
ನಿನ್ನ ಅಕ್ಕ

ಮರೆತದ್ದು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಭಾನುವಾರ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ನಿಮ್ಮಿಂದಾದ ದೊಡ್ಡ ತಪ್ಪು ಯಾವುದು ಎಂದು ಸಮಿತಿಯವರು ಕೇಳಿದಾಗ ನೀನು, “ಒಂದ್ಸಲ ಮುಚ್ಚಳ ಸರಿಯಾಗಿ ಹಾಕಲಿಲ್ಲ, ಮೂರು ಹೆಣ್ಣು ಲೋಚ್ ಹೊರಗೆ ಹಾರಿ ಸತ್ತವು” ಅಂದೆಯಂತೆ. ಅದನ್ನು ಕೇಳಿಯೂ ನಾನು ಸುಮ್ಮನೆ ಕೂತಿದ್ದೆ. ಕಡ್ಡಿ, ಅವು ಹಾರಲಿಲ್ಲ. ನೀನು ರೆಕ್ಕೆ ನೋಡಿ ಬೇರೆ ಮಾಡಿಟ್ಟ ಆ ಮೂರು ಹೆಣ್ಣುಗಳನ್ನು ಡಾಕ್ಟರು ಮೊದಲ ಸಲ ಬಂದ ದಿನ ಬೆಳಿಗ್ಗೆ ಬೇರೊಬ್ಬ ಅಂಗಡಿಯವನಿಗೆ ನಾನೇ ಕೊಟ್ಟುಬಿಟ್ಟಿದ್ದೆ. ಉಳಿದವು ಗಂಡು ಎಂದು ಗೊತ್ತಿದ್ದೂ, ದಪ್ಪಗಿದ್ದ ಮೂರನ್ನು ಆರಿಸಿ ಹೆಣ್ಣು ಎಂದು ಡಾಕ್ಟರಿಗೆ ಕೊಟ್ಟೆ. ಹೆಣ್ಣುಗಳೆಲ್ಲಿ ಎಂದು ನೀನು ಕೇಳಿದಾಗ ನಿನ್ನ ಬಾಯಿ ಕಟ್ಟಲು ಮುಚ್ಚಳದ ಕಥೆ ಹೇಳಿದೆ. ಚೀಟಿಯಲ್ಲಿ ‘ತಪ್ಪು ತಿಳಿದು ಕೊಟ್ಟೆ’ ಎಂದು ಬರೆದಿದ್ದೇನೆ, ಈಗ ಅದನ್ನು ಹೊಡೆದುಹಾಕಿ ಬೇರೆ ಬರೆದುಕೊಡಲು ಡಾಕ್ಟರ ಮನೆಗೇ ಹೊರಟಿದ್ದೇನೆ. ಅವತ್ತಿನಿಂದ ಅಂಗಡಿ ಬಿಡುವವರೆಗೆ ನೀನು ಎಷ್ಟು ಸಂಜೆ ಅರ್ಧ ದಾರಿಯಿಂದ ತಿರುಗಿ ಬಂದು ಒಂದೊಂದು ತೊಟ್ಟಿಯ ಮುಚ್ಚಳವನ್ನೂ ಮುಟ್ಟಿ ನೋಡಿ ಹೋದೆ ಎಂದು ನಾನು ಲೆಕ್ಕ ಇಟ್ಟಿಲ್ಲ. ಎಲ್ಲದಕ್ಕೂ ಲೆಕ್ಕ ಇಡುವವಳು ಅದೊಂದಕ್ಕೆ ಇಡಲಿಲ್ಲ. ಸೋಮವಾರ ಮತ್ತೆ ಅದೇ ಪ್ರಶ್ನೆ ಕೇಳಿದರೆ ಬೇರೆ ಯಾವುದಾದರೂ ತಪ್ಪು ಹೇಳು. ಮುಚ್ಚಳ ನೀನು ಸರಿಯಾಗಿಯೇ ಹಾಕಿದ್ದೆ.