ನಿಧಾನದ ಗುಂಡು

ಪೆರಿಸ್‌ಬರ್ಗ್, ಓಹಾಯೋ
೧೩ ಜೂನ್ ೨೦೦೪, ಭಾನುವಾರ

ಯಾಸೀನ್,

ಅಸ್ಸಲಾಮು ಅಲೈಕುಮ್. ನಿನ್ನ ಪತ್ರ ಏಪ್ರಿಲ್ ಕೊನೆಗೇ ಬಂದಿತ್ತು. ಆರು ವಾರದಿಂದ ಫ್ರಿಜ್ಜಿನ ಮೇಲೆಯೇ ಇದೆ. ಹಾಲು ತೆಗೆಯಲು ಹೋದಾಗಲೆಲ್ಲ ನಿನ್ನ ಮೇಷ್ಟ್ರ ದುಂಡಕ್ಷರ ಕಣ್ಣಿಗೆ ಬೀಳುತ್ತದೆ. ಕೆಲಸ ಹೆಚ್ಚಿತ್ತು ಎಂದು ಬರೆದರೆ ನೀನು ನಂಬುವುದಿಲ್ಲ, ಅದಕ್ಕೇ ಬರೆಯುವುದಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮಳೆ ಬಂತೇ, ಚಳಿ ಹೋಯಿತೇ ಎಂದು ಕೇಳಿಕೊಂಡು ಇಟ್ಟುಬಿಡುತ್ತೇವೆ. ಉರ್ದು ನನಗೆ ಬಾಯಲ್ಲಷ್ಟೇ ಇದೆ. ಕೈಗೆ ಬರುವುದು ಸವಣೂರಿನ ಶಾಲೆಯಲ್ಲಿ ನಿನ್ನ ಪಕ್ಕ ಕೂತು ಕಲಿತ ಈ ಕನ್ನಡ.

ನೀನು ಬರೆದದ್ದು ನಾಲ್ಕೇ ಸಾಲು. "ನಮ್ಮ ರಾಜಶೇಖರ್ ಅಮೆರಿಕದಿಂದ ಊರಿಗೆ ಬಂದಾಗ ಹೇಳಿದ, ನೀನು ಬಂದೂಕು ಮಾಡಿಸುತ್ತಿದ್ದೀಯಂತೆ, ಅದೂ ಸದ್ದು ಬಾರದ ಬಂದೂಕು. ನನ್ನ ತಂಗಿ ತೀರಿಹೋಗಿ ಒಂದೂವರೆ ವರ್ಷವಾಯಿತು, ಮನೆಯಲ್ಲಿ ನೀನೊಬ್ಬನೇ. ಯಾಕೆ ಎಂದು ಒಂದು ನೇರವಾದ ಕಾರಣ ಬರೆ. ಅದನ್ನು ಓದಿದ ಮೇಲೆ ಇನಾಯಾಳ ಟಿಕೆಟ್ ಮಾಡಿಸುತ್ತೇನೆ."

ಮಗಳನ್ನು ಕಳುಹಿಸುವ ತಂದೆ ಕೇಳಬೇಕಾದದ್ದನ್ನೇ ಕೇಳಿದ್ದೀಯ. ಒಂಟಿಯಾದವನ ಕೈಗೆ ಬಂದೂಕು ಎಂಬ, ನೀನು ಬರೆಯದೆ ಬಿಟ್ಟ ಭಯವೂ ನನಗೆ ಅರ್ಥವಾಯಿತು. ಅದಲ್ಲ. ಅಲ್ಲಾಹನ ಆಣೆ, ಅದಲ್ಲ.

ಇನಾಯಾಳಿಗೆ ಇಲ್ಲೇ ಪಕ್ಕದ ಟೊಲಿಡೊ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ ಎಂದು ತಿಳಿದ ವಾರವೇ ಅವಳಿಗೆಂದು ಮೇಲಿನ ಕೋಣೆಗೆ ಒಂದು ಮೇಜು ತಂದೆ. ತುಂಡುತುಂಡಾಗಿ ಡಬ್ಬದಲ್ಲಿ ಬರುತ್ತದೆ, ನಾವೇ ಜೋಡಿಸಿಕೊಳ್ಳಬೇಕು. ಜೋಡಿಸಿದ ಮೇಲೆ ಒಂದು ತಿರುಪು ಉಳಿಯಿತು. ಎಲ್ಲಿಯದೆಂದು ಇನ್ನೂ ಗೊತ್ತಾಗಿಲ್ಲ, ಮೇಜು ಮಾತ್ರ ನಿಂತಿದೆ. ಅವಳು ಈಮೇಲಿನಲ್ಲಿ ಕೇಳಿದ್ದಳು: "ಫೂಫಾ, ರೊಟ್ಟಿ ಹಂಚು ಅದ ಏನು ನಿಮ್ಮಲ್ಲಿ, ಇಲ್ಲಾ ಇಲ್ಲಿಂದ ಹೊತ್ಕೊಂಡು ಬರ್ಲಾ?" ನಿನ್ನ ಅತ್ತೆ, ಶರ್ಫುನ್ನೀಸಾ ಫುಫೂನದು ಇದೆ ಎಂದು ಉತ್ತರಿಸಿದೆ. ಆಮೇಲೆ ಹೋಗಿ ನೋಡಿದರೆ ತುಕ್ಕು ಹಿಡಿದಿತ್ತು. ಉಜ್ಜಿ ಎಣ್ಣೆ ಸವರಿ ಇಟ್ಟಿದ್ದೇನೆ.

ಈಗ ಬಂದೂಕಿನ ವಿಷಯ.

ನನ್ನ ಕೆಲಸ ನಿನಗೆ ಗೊತ್ತು. ಹದಿನಾರು ವರ್ಷದಿಂದ ಮಿಶಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಕಾರಿನ ಹೊಗೆಕೊಳವೆಯ ಸದ್ದು ಇಳಿಸುತ್ತಿದ್ದೇನೆ. ಗೋಡೆಗೆಲ್ಲ ಸ್ಪಂಜಿನ ಹಲ್ಲು ಕೂರಿಸಿದ ಒಂದು ಕೋಣೆ ಇದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ನಮ್ಮ ರಕ್ತ ಹರಿಯುವುದು ನಮಗೇ ಕೇಳುತ್ತದೆ. ಫೋನ್ ಹೊರಗೆ ಬಿಟ್ಟು ಹೋಗಬೇಕು. ನಿನ್ನ ತಂಗಿ ಶರ್ಫುನ್ನೀಸಾ ಹೋದ ದಿನ ನಾನು ಅಲ್ಲಿದ್ದೆ ಎಂದು ನಿನಗೆ ಹೇಳಿದ್ದೆನಲ್ಲ, ಅದೇ ಕೋಣೆ. ಇಷ್ಟು ವರ್ಷ ಸದ್ದಿನ ಜೊತೆ ಬಾಳಿ ಎಡಗಿವಿಯಲ್ಲಿ ಈಗ ಒಂದು ಸಿಳ್ಳು ನಿಂತಿದೆ. ಇನ್ನು ಬಂದೂಕಿನ ಸದ್ದು ಬೇಡ ಎಂದಿದ್ದಾರೆ ಡಾಕ್ಟರು. ಇದು ಒಂದು ಕಾರಣ.

ಎರಡನೆಯದು ಒಂದು ಹೆಣ್ಣುಜಿಂಕೆ. ಮಿಶಿಗನ್‌ನಲ್ಲಿ ನವೆಂಬರ್ ಹದಿನೈದಕ್ಕೆ ಬೇಟೆ ಶುರುವಾದರೆ ಅರ್ಧ ಆಫೀಸು ಖಾಲಿ. ಜೊತೆಗಾರರು ಕರೆದರೆಂದು ನಾನೂ ಹೋಗತೊಡಗಿದ್ದೆ. ಮರದ ಮೇಲೆ ಆರು ಗಂಟೆ ಯಾರೊಂದಿಗೂ ಮಾತಾಡದೆ ಕೂರಬಹುದು, ಯಾರೂ ಕಾರಣ ಕೇಳುವುದಿಲ್ಲ. ನಿನ್ನ ತಂಗಿ ಮಾತ್ರ ಕೇಳುತ್ತಿದ್ದಳು: "ಆ ಜಿಂಕಿ ನಿಮ್ಮ ಆಫೀಸಿಗೆ ಬಂದು ನಿಮಗೇನು ಮಾಡಿತ್ತು?" ಮಾಂಸ ತಂದರೆ ಹಸಿಮೆಣಸಿನಕಾಯಿ ಹಾಕಿ ಖೀಮಾ ಮಾಡುತ್ತಿದ್ದಳು, ತಾನು ಮುಟ್ಟುತ್ತಿರಲಿಲ್ಲ. ಎರಡು ಸಾವಿರದ ಒಂದರಲ್ಲಿ ಬಿಸ್ಮಿಲ್ಲಾ ಹೇಳಿ ಹೊಡೆದೆ. ನನ್ನ ರೈಫಲ್ಲಿನದು ಸಣ್ಣ ಗುಂಡು, ಬಲು ವೇಗದ್ದು. ಜಿಂಕೆ ಬೀಳಲಿಲ್ಲ. ಎರಡು ಗಂಟೆ ರಕ್ತದ ಹನಿ ಹಿಡಿದು ಹೋದೆ. ಸಿಕ್ಕಾಗ ಇನ್ನೂ ನೋಡುತ್ತಿತ್ತು. ಚಾಕು ತೆಗೆದು ಮುಗಿಸಿದೆ. ಹಲಾಲ್ ಆಯಿತು. ಆದರೆ ಆ ಎರಡು ಗಂಟೆ ಅದು ಏನು ಮಾಡುತ್ತಿತ್ತು ಎಂಬುದಕ್ಕೆ ಯಾವ ಕಿತಾಬಿನಲ್ಲೂ ಉತ್ತರ ಹುಡುಕಲಿಲ್ಲ. ಇನ್ನು ಹೊಡೆಯುವುದಾದರೆ ದೊಡ್ಡ ಗುಂಡಿನಿಂದಲೇ ಎಂದುಕೊಂಡೆ.

ಮೂರನೆಯದಕ್ಕೆ ನೋವಾಕ್ ಮುದುಕನ ಬಗ್ಗೆ ಹೇಳಬೇಕು. ಇಲ್ಲಿಂದ ಇಪ್ಪತ್ತು ಮೈಲಿ, ಗೋವಿನಜೋಳದ ಹೊಲಗಳ ನಡುವೆ ಅವನ ಶೆಡ್ಡು. ಎಪ್ಪತ್ತು ದಾಟಿದವನು, ಒಂದು ಲೇತು, ಒಂದು ನಾಯಿ. ಗಿರಾಕಿಯ ತೋಳಿನಳತೆ ತೆಗೆದು ಬಂದೂಕು ಕಟ್ಟಿಕೊಡುತ್ತಾನೆ, ನಮ್ಮೂರಲ್ಲಿ ಶೇರವಾನಿ ಹೊಲಿದ ಹಾಗೆ. ನಾನು ಹಾಳೆ ತುಂಬ ಗ್ರಾಫ್ ಬರೆದುಕೊಂಡು ಹೋಗಿದ್ದೆ. ಅವನು ಅದರ ಮೇಲೆ ಕಾಫಿ ಮಗ್ ಇಟ್ಟ.

"ಸೈಲೆನ್ಸರ್ ನುಂಗೋದು ಬಂದೂಕಿನ ಬಾಯಿಯ ಸದ್ದನ್ನಷ್ಟೇ," ಎಂದ. "ಗುಂಡು ಶಬ್ದಕ್ಕಿಂತ ಜೋರಾಗಿ ಓಡಿದರೆ ದಾರಿಯುದ್ದಕ್ಕೂ ಚಾಟಿ ಬೀಸಿದ ಹಾಗೆ ಸಿಡೀತಾ ಹೋಗುತ್ತೆ. ಅದನ್ನ ನಾನೂ ನಿಲ್ಲಿಸಲಾರೆ, ನಿನ್ನ ಕಂಪನಿಯೂ ನಿಲ್ಲಿಸಲಾರದು."

"ಓಟ ಕಡಿಮೆ ಮಾಡಿದರೆ?"

"ನಿನ್ನ ಗುಂಡು ಬಡಕಲು. ಅದರ ಶಕ್ತಿಯೆಲ್ಲ ಓಟದಲ್ಲೇ ಇದೆ. ನಿಧಾನ ಮಾಡಿದರೆ ಜಿಂಕೆಗೆ ಕಲ್ಲೆಸೆದಷ್ಟೇ. ಸದ್ದೂ ಬೇಡ, ಒಂದೇ ಏಟಿಗೆ ಬೀಳಲೂಬೇಕು ಅಂದರೆ ಗುಂಡು ಭಾರ ಇರಬೇಕು."

ಬೆಂಚಿನ ಮೇಲೆ ಮೂರು ತೋಟಾ ನಿಲ್ಲಿಸಿದ. ಮೊದಲನೆಯದು ನನ್ನ ಹಳೆಯದು, ಮೊನೆ ಪೆನ್ಸಿಲಿನಷ್ಟೇ ತೆಳು. ನಡುವಿನದು ಇಲ್ಲಿ ಎಲ್ಲರೂ ಇಟ್ಟುಕೊಳ್ಳುವ ಮೂವತ್ತರ ಅಳತೆಯದು. ಕೊನೆಯದು ನಲವತ್ತೈದರ ಅಳತೆಯದು, ಹೆಬ್ಬೆರಳಿನಷ್ಟು ದಪ್ಪ, ಮೊಂಡುಮೂತಿ, ಅವನ ಮುತ್ತಾತನ ಕಾಲದ್ದಂತೆ. ಕೈಯಲ್ಲಿ ಹಿಡಿದರೆ ತೂಕವಿತ್ತು. ಅದನ್ನೇ ಆರಿಸಿದೆ.

"ಎಪ್ಪತ್ತೈದು ಗಜದಾಚೆ ಇದು ಕೆಲಸಕ್ಕೆ ಬರಲ್ಲ," ಎಂದ. "ಅಷ್ಟು ಹತ್ತಿರ ಬರೋ ತನಕ ಕಾಯ್ತೀಯಾ?"

"ಕಾಯೋದೇ ನನ್ನ ಕೆಲಸ," ಎಂದೆ.

ಆಮೇಲೆ ನನ್ನ ಮುಖ ನೋಡಿ ಕೇಳಿದ: "ಇಪ್ಪತ್ತು ಡಾಲರ್‌ಗೆ ಸದ್ದು ಕೇಳದ ಹಾಗೆ ಕಿವಿ ಮುಚ್ಚೋ ಮಫ್ ಸಿಗುತ್ತೆ. ನೀನು ಒಂದು ರಾಜ್ಯವನ್ನೇ ಬಿಟ್ಟು ಬಂದಿದೀಯ. ಮಫ್ ಯಾಕೆ ಬೇಡ?"

ನಾಯಿಯ ತಲೆ ಸವರಿದೆ. ಅವನು ಲೇತಿನ ಕಡೆ ತಿರುಗಿದ.

ರಾಜ್ಯ ಬಿಟ್ಟದ್ದು ನಿಜ. ಮಿಶಿಗನ್‌ನಲ್ಲಿ ಸೈಲೆನ್ಸರ್ ಇಟ್ಟುಕೊಳ್ಳುವಂತಿಲ್ಲ, ಓಹಾಯೋದಲ್ಲಿ ಅರ್ಜಿ ಹಾಕಿ ಇಟ್ಟುಕೊಳ್ಳಬಹುದು. ಬೇಟೆಗೆ ಪೆನ್ಸಿಲ್ವೇನಿಯಾದಲ್ಲಿ ನೋವಾಕ್‌ನ ತಮ್ಮನ ಕಾಡಿದೆ. ಹೋದ ವರ್ಷ ಡಿಯರ್‌ಬಾರ್ನ್ ಮನೆ ಮಾರಿದಾಗ, ಮಸೀದಿಯ ಹತ್ತಿರ ಇರಲು ಬಂದೆ ಎಂದು ನಿನಗೆ ಬರೆದಿದ್ದೆ. ಮಸೀದಿ ಹತ್ತಿರವೇ ಇದೆ, ಹೆದ್ದಾರಿಯಿಂದಲೇ ಮಿನಾರು ಕಾಣುತ್ತದೆ. ಆಫೀಸಿಗೆ ಈಗ ದಿನಾ ಹೋಗಲು ಅರವತ್ತು ಮೈಲಿ, ಬರಲು ಅರವತ್ತು. ರಾಜಶೇಖರ್ ಫೋನ್ ಮಾಡಿದಾಗಲೆಲ್ಲ ಕಿಚಾಯಿಸುತ್ತಾನೆ: "ಲೇ ಇಕ್ರಾಮ, ಕಾರಿಗೆ ಸೈಲೆನ್ಸರ್ ಹಾಕಿ ಹಾಕಿ ತಲಿ ಕೆಟ್ಟೈತೇನೋ? ಬಂದೂಕಕ್ಕ ಆತು, ಇನ್ನ ನಿಮ್ಮ ಬಾಸ್‌ನ ಬಾಯಿಗೆ ಯಾವಾಗ?" ಅವನ ಹೆಂಡತಿ ಚೇತನಾ ಹಿಂದಿನಿಂದ, "ಮೊದ್ಲು ನಿಮ್ಮ ಬಾಯಿಗೆ ಮಾಡಿಸ್ಕೋರಿ," ಅನ್ನುತ್ತಾಳೆ. ಆ ಮನೆಯಲ್ಲಿ ಸದ್ದಿದೆ. ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಅದು ನನ್ನ ಅಡುಗೆಮನೆಯಲ್ಲಿ ಇರುತ್ತದೆ.

ಅರ್ಜಿಗೆ ಫೋಟೋ, ಹತ್ತು ಬೆರಳಿನ ಅಚ್ಚು, ಶೆರಿಫ್‌ನ ಸಹಿ ಬೇಕು. ಇಂಥ ಕಾಲದಲ್ಲಿ ನನ್ನಂಥ ಹೆಸರಿನವನು ಇದನ್ನು ಕೇಳಿಕೊಂಡು ಹೋದರೆ ಹೇಗಿರುತ್ತದೆ, ಊಹಿಸಿಕೋ. ಶೆರಿಫ್ ಆಫೀಸಿನವನು ಕಾಗದವನ್ನು ಎರಡು ಸಲ ಓದಿ, ಏನು ಕೆಲಸ ಎಂದ. ಕಾರಿನ ಸೈಲೆನ್ಸರ್ ಎಂದೆ. ನಕ್ಕುಬಿಟ್ಟ. ಎರಡು ತಿಂಗಳ ಮೇಲೆ ಸಹಿ ಬಂತು. ಜುಮ್ಮಾ ಮುಗಿದ ಮೇಲೆ ಭಟ್ಕಳದ ಡಾಕ್ಟರೊಬ್ಬರು ಹಿಡಿದು ನಿಲ್ಲಿಸಿದರು: "ಇಕ್ರಾಮ್ ಭಾಯಿ, ಎಫ್‌ಬಿಐನವ್ರು ನಮ್ಮ ಅಡ್ರೆಸ್ ಹುಡುಕ್ತಾ ಇದ್ರೆ ನೀವೇ ಹೋಗಿ ಬೆರಳು ಒತ್ತಿ ಬಂದ್ರಾ?" ಮಸೀದಿಯ ಚಪ್ಪಲಿ ಗೂಡಿನ ಮುಂದೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಂಜೂರಾತಿ ಆಗಸ್ಟಿನಲ್ಲಿ ಬರಬಹುದು. ಇನಾಯಾಳ ತರಗತಿಗಳೂ ಆಗಸ್ಟಿನಲ್ಲಿ. ಎರಡರಲ್ಲಿ ಒಂದೇ ಎಂದು ನೀನು ಹೇಳಿದರೆ ನೋವಾಕ್‌ಗೆ ನಿಲ್ಲಿಸು ಅನ್ನುತ್ತೇನೆ. ಅವನಿನ್ನೂ ಮರ ಕೆತ್ತುತ್ತಿದ್ದಾನೆ. ಮೂರನೆಯ ಕಾರಣ ಹೇಳುತ್ತೇನೆ ಎಂದಿದ್ದೆ: ಮುದುಕನ ಶೆಡ್ಡಿಗೆ ಶನಿವಾರ ಹೋಗಿಬರಲು ನನಗೊಂದು ನೆಪ ಬೇಕು. ಅವನು ಕೆತ್ತುತ್ತಾನೆ, ನಾನು ಕೂತಿರುತ್ತೇನೆ. ಇಷ್ಟೇ.

ಅಮ್ಮೀಜಾನ್‌ಗೆ ನನ್ನ ಸಲಾಮ್ ಹೇಳು, ಅವರ ಮಂಡಿನೋವಿನ ಮುಲಾಮು ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತಿದೆ. ಇನಾಯಾ ಎಲ್ಲಿ ಓದಿದರೂ ಅವಳ ಮೇಲೆ ಅಲ್ಲಾಹನ ನೆರಳಿರಲಿ. ನಿನ್ನ ಮನೆಯ ದೀಪ, ನಿನ್ನ ಮನೆಯ ಮಾತು ಹಾಗೆಯೇ ಇರಲಿ.

ನಿನ್ನ
ಇಕ್ರಾಮ್

ವಿ.ಸೂ.: ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದೆ. ಮೇಲೆ ಬರೆದ ಮೂರೂ ಸುಳ್ಳಲ್ಲ. ಆದರೆ ನೀನು ಕೇಳಿದ್ದು ಒಂದೇ ಒಂದು.

ನಿನ್ನ ತಂಗಿ ಹೋದ ಆ ಶನಿವಾರ ನಾನು ಆ ಸ್ಪಂಜಿನ ಕೋಣೆಯಲ್ಲಿ ಇರಲಿಲ್ಲ. ಆಫೀಸಿಗೇ ಹೋಗಿರಲಿಲ್ಲ. ರಮಜಾನಿನ ನಾಲ್ಕನೆಯ ದಿನ. ಉಪವಾಸದಲ್ಲಿ ಬಂದೂಕೇನು ಎಂದು ಬೈಯುತ್ತಾಳೆಂದು, ಬೆಳಗಿನ ಜಾವದ ಸಹ್ರಿ ಉಂಡು, ಆಫೀಸಿಗೆ ಎಂದು ಹೇಳಿ ಹೊರಟೆ. ಹೋದದ್ದು ಆನ್ ಆರ್ಬರ್ ಆಚೆಯ ಶೂಟಿಂಗ್ ರೇಂಜಿಗೆ, ಬೇಟೆಗೆ ಮೊದಲು ಗುರಿ ಸರಿಮಾಡಿಕೊಳ್ಳಲು. ಎರಡೂ ಕಡೆ ಜನ ಹೊಡೆಯುತ್ತಿದ್ದರು. ಕಿವಿಗೆ ಮಫ್ ಹಾಕಿಕೊಂಡಿದ್ದೆ. ಫೋನ್ ಜಾಕೆಟ್ಟಿನ ಜೇಬಿನಲ್ಲಿ, ಬೆನ್ನ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಹತ್ತು ಗಂಟೆ ಹತ್ತು ನಿಮಿಷದಿಂದ ಹನ್ನೊಂದರೊಳಗೆ ಅವಳು ನಾಲ್ಕು ಸಲ ಫೋನ್ ಮಾಡಿದ್ದಾಳೆ. ಒಂದು ಸಲ ವಾಯ್ಸ್‌ಮೇಲಿನಲ್ಲಿ ಮಾತು ಬಿಟ್ಟಿದ್ದಾಳೆ:

"ರೀ, ತಲಿ ಸಿಡಿಯಾಕತ್ತೈತಿ. ಎಡಗೈ ಜೋಮು ಹಿಡಿದೈತಿ. ರೋಜಾ ಬಿಡ್ಲೇನು? ನೀವು ಹೂಂ ಅಂದ್ರ ನೀರು ಕುಡೀತೀನಿ."

ಉಪವಾಸದ ನಿತ್ರಾಣವೆಂದೇ ತಿಳಿದಿದ್ದಳು. ಅದಕ್ಕೇ ಆಂಬುಲೆನ್ಸ್ ಕರೆಯದೆ ನನ್ನನ್ನು ಕೇಳಿದಳು. ಒಂದು ಗಂಟೆಗೆ ಮನೆಗೆ ಬಂದೆ. ಅಡುಗೆಕಟ್ಟೆಯ ಮೇಲೆ ಲೋಟದ ತುಂಬ ನೀರಿತ್ತು. ಹಾಗೆಯೇ ಇತ್ತು. ಸ್ವಲ್ಪ ಮೊದಲೇ ಕರೆತಂದಿದ್ದರೆ ಎಂದು ಡಾಕ್ಟರು ಶುರುಮಾಡಿದ ವಾಕ್ಯವನ್ನು ನಾನು ಮುಗಿಸಗೊಡಲಿಲ್ಲ.

ಕಿವಿ ಮುಚ್ಚಿಕೊಳ್ಳದೆ ಹೊಡೆಯಬಹುದಾದ ಬಂದೂಕು ಬೇಕು. ಇಷ್ಟೇ ಕಾರಣ. ಈಗ ಯಾರೂ ಫೋನ್ ಮಾಡುವುದಿಲ್ಲ ಎಂಬುದು ನನಗೂ ಗೊತ್ತು. ಟಿಕೆಟ್ಟಿನ ವಿಷಯ ಇದನ್ನು ಓದಿದ ಮೇಲೆ ನಿರ್ಧರಿಸು.

ಆ ಮಾತು ಇನ್ನೂ ಫೋನಿನಲ್ಲಿದೆ. ಇಪ್ಪತ್ತೊಂದು ದಿನಕ್ಕೊಮ್ಮೆ ಕಂಪನಿಯ ಹೆಣ್ಣುದನಿ ಕೇಳುತ್ತದೆ, ಉಳಿಸುವುದೋ ಅಳಿಸುವುದೋ ಎಂದು. ಉಳಿಸುತ್ತ ಬಂದಿದ್ದೇನೆ. ನಿನ್ನ ತಂಗಿಯ ದನಿ ಅದು, ನಿನಗೂ ಹಕ್ಕಿದೆ. ಕೇಳಬೇಕು ಅನ್ನಿಸಿದರೆ ಫೋನ್ ಮಾಡು. ಯಾವ ಹೊತ್ತಾದರೂ ಸರಿ, ಎತ್ತಿಕೊಳ್ಳುತ್ತೇನೆ.