ಈಚಲು ಮರಗಳಿಗೆ ಬಿದ್ದ ನಂಬರು

ಹೆಮ್ಮರಗಾಲ
೨೩ ಮೇ ೧೯೯೯, ಭಾನುವಾರ

ಮಗಳು ಕವನಳಿಗೆ,

ನಿನ್ನ ಅವ್ವ ತಲೆ ನೇವರಿಸಿ ಬರೆಯುವುದು. ನಾನೂ ನಿನ್ನ ಅಜ್ಜಿಯೂ ಗಟ್ಟಿಯಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವ ಮೊದಲು ಇನ್ನೊಂದು ಮಾತು ಕೇಳಬೇಕಾಗಿದೆ. ನಿಮ್ಮ ಕಾಲೇಜಿನ ಮದನ್ ನಿನಗೆ ಗೊತ್ತೆ? ಗೊತ್ತಿಲ್ಲ ಎಂದು ಮಾತ್ರ ಬರೆಯಬೇಡ.

ಹೋದ ಬುಧವಾರ ಆತ ಬಣ್ಣದ ಡಬ್ಬಿ ಹಿಡಿದುಕೊಂಡು ಬಂದು, ಕೆರೆ ಏರಿಯ ಹನ್ನೊಂದು ಈಚಲು ಮರಗಳಿಗೆ ಬಿಳಿಯ ನಂಬರು ಬರೆದ. ಈಚಲಿಗೆ ನಂಬರು ಬಿದ್ದರೆ ನಮ್ಮ ಬೀದಿಯಲ್ಲಿ ಏನಾಗುತ್ತದೆಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಹೆಂಡ ಇಳಿಸುವ ಮರಗಳಿಗೆ ನಂಬರು ಹಾಕುವವರು ಅಬಕಾರಿಯವರು. ನಿನ್ನ ಸೋದರಮಾವ ಜವರಯ್ಯ ಲೈಸೆನ್ಸಿಲ್ಲದೆ ಒಂದು ಮಡಕೆ ಇಳಿಸಿ ಸ್ಟೇಷನ್ನಿನಲ್ಲಿ ಕೂತು ಬಂದದ್ದನ್ನು ಇನ್ನೂ ಮರೆತಿಲ್ಲ. ಅವನೇ ಮನೆಮನೆಗೂ ಹೋಗಿ, ಯಾರೂ ನಿಜ ಯೇಳ್ಬೇಡಿ ಕಣ್ರೀ, ಇವ್ನು ಆಪೀಸಿನೋನೇ ಅಂತ ಸಾರಿದ. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದರೂ ಹೆಂಡ ಎನ್ನುವ ಲೋಕ ಇದು. ನಾವು ಹೆದರಿದ್ದರಲ್ಲಿ ತಪ್ಪೇನು?

ಆತ ಬಾಗಿಲಿಗೆ ಬಾಗಿಲು ಹೋಗಿ, ಈ ಮರ ನಿಮಗೆ ಯಾವ ಯಾವುದಕ್ಕೆ ಉಪಯೋಗ ಎಂದು ಕೇಳಿದ. ಎಲ್ಲರೂ ಬಾಯಿಗೆ ಬಂದದ್ದು ಹೇಳಿದರು. ಈ ಹಣ್ಣನ್ನ ನಾಯಿನೂ ಮೂಸಾಕಿಲ್ಲ ಸಾ ಎಂದ ಜವರಯ್ಯ. ನಾನು ಅರ್ಧ ಹೆಣೆದ ಚಾಪೆಯ ಮೇಲೆ ಕೂತುಕೊಂಡೇ, ಚಾಪೆಯೆಲ್ಲ ನಾವು ನಂಜನಗೂಡಿನ ಸಂತೆಯಲ್ಲಿ ಕೊಳ್ಳುವುದು ಎಂದೆ. ನಿನ್ನ ಅಜ್ಜಿ ಸಣ್ಣತಾಯಮ್ಮ ನಮ್ಮನ್ನೆಲ್ಲ ಮೀರಿಸಿದರು. ಈಚಲ ಬೇರು ಅರೆದು ಹಚ್ಚಿದರೆ ನಾಗರಹಾವಿನ ವಿಷ ಇಳಿಯುತ್ತದೆಂದು ಆಣೆ ಇಟ್ಟು ಹೇಳಿದರು. ಆತ ಭಕ್ತಿಯಿಂದ ಬರೆದುಕೊಂಡ.

ಮಾರನೆಯ ದಿನ ಮತ್ತೆ ನಮ್ಮ ಮನೆಗೇ ಬಂದ. ಟಿ. ನರಸೀಪುರದ ಕಡೆಯವನಂತೆ, ವಿಭೂತಿ ಇಟ್ಟಿದ್ದ. ನೀರು ಕೊಡಲೋ ಬೇಡವೋ ಎಂದು ಅನುಮಾನಿಸಿಯೇ ಲೋಟ ಮುಂದಿಟ್ಟೆ. ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದ. ಆಮೇಲೆ ಕೈಯಲ್ಲಿ ಬರೆದ ಪ್ರಶ್ನೆಗಳ ಹಾಳೆ ತೆಗೆದ. ಅಂಗನವಾಡಿಯಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳ ಕೈ ಹಿಡಿದು ತಿದ್ದಿಸುತ್ತಿದ್ದೇನೆ ಕವನ, ಮೊದಲು ತಿದ್ದಿಸಿದ ಕೈ ಯಾವುದು ಎಂದು ನನಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಅಕ್ಷರ ಒಬ್ಬರ ಹಾಗೆ ಇನ್ನೊಬ್ಬರದು ಇರಬಹುದು ಎಂದು ಸುಮ್ಮನಿದ್ದೆ. ಒಂಬತ್ತನೆಯ ಪ್ರಶ್ನೆ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ‘ಹೆಣೆಯುವ ಮೊದಲು ಗರಿಯನ್ನು ಇಬ್ಬನಿಯಲ್ಲಿ ಹಾಸಿ ಮೆದು ಮಾಡುತ್ತೀರಾ?’ ಗರಿ ಹಾಸಿದ ಅಂಗಳದಲ್ಲಿ ಬೆಳಿಗ್ಗೆ ಕಾಲಿಟ್ಟು ಬೈಸಿಕೊಂಡವರಿಗಲ್ಲದೆ ಈ ಪ್ರಶ್ನೆ ಬೇರೆ ಯಾರಿಗೂ ಹೊಳೆಯುವುದಿಲ್ಲ.

ಇದನ್ನು ಬರೆದವರು ಯಾರಪ್ಪ ಎಂದು ಕೇಳಿದೆ. ನಮ್ಮ ಕವನ ಮೇಡಂ, ಈಚಲಿನ ಮೇಲೆ ಸಂಶೋಧನೆ ಅವರದೇ, ನಾನು ಜೊತೆಗೆ ಕೆಲಸ ಮಾಡುವವನು ಅಷ್ಟೇ ಎಂದ. ಅವರೇ ಬರಬಹುದಿತ್ತಲ್ಲ ಎಂದೆ. ಅವ್ರು ಮೈಸೂರಲ್ಲೇ ಹುಟ್ಟಿ ಬೆಳೆದೋರು ಅಮ್ಮ, ತಂದೆ ಬ್ಯಾಂಕ್ ಮ್ಯಾನೇಜರು, ಅಳ್ಳಿ ಅಭ್ಯಾಸ ಇಲ್ಲ ಎಂದ. ನಿನ್ನಪ್ಪ ಸಾಯುವ ತನಕ ಈಚಲ ಪೊರಕೆ ಹೊತ್ತು ಸಂತೆ ಸಂತೆ ತಿರುಗಿದರು. ಸತ್ತು ಎಂಟು ವರ್ಷದ ಮೇಲೆ ಬ್ಯಾಂಕಿಗೆ ಮ್ಯಾನೇಜರಾದರಲ್ಲ, ಸಂತೋಷ.

ನನಗೆ ಸಿಟ್ಟು ಬಂದಿತ್ತು, ಇನ್ನೂ ಇದೆ. ಯುಗಾದಿಗೆ ಊರಿಗೆ ಬಾ ಎಂದರೆ ನೀನು ಪರೀಕ್ಷೆ ಎಂದೆ, ಅದಕ್ಕೆ ಮೊದಲು ಜ್ವರ ಎಂದೆ. ಅವೆಲ್ಲ ನಿಜವೋ ಸುಳ್ಳೋ ಎಂದು ಮೂರು ದಿನದಿಂದ ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದೇನೆ. ನಡುವೆ ಇನ್ನೊಂದು ಯೋಚನೆ ಬಂತು. ಅಲ್ಲಿ ಯಾರಾದರೂ ನಿನಗೆ ಏನಾದರೂ ಅಂದರೇ? ಊರು, ಬೀದಿ ಕೇಳಿ ಮುಖ ತಿರುಗಿಸಿದರೇ? ಹಾಗಿದ್ದರೆ ನನಗೆ ಯಾಕೆ ಹೇಳಲಿಲ್ಲ? ಕಾರ್ಡು ಬರೆದರೆ ಹಾಸ್ಟೆಲಿನಲ್ಲಿ ನಾಲ್ಕು ಜನ ಓದಿಯಾರೆಂದು ಕವರಿನಲ್ಲಿ ಬರೆಯುತ್ತಿದ್ದೇನೆ. ಕವರಿನ ಹಿಂದೆ ನನ್ನ ವಿಳಾಸ ಹಾಕಿಲ್ಲ.

ಮುಂದಿನ ವಾರ ನೀನು ವರದಿ ಒಪ್ಪಿಸಬೇಕು ಎಂದು ಮದನ್ ಹೇಳಿದ. ಆದ್ದರಿಂದ ಬೇಗ ತಿದ್ದಿಕೋ. ಬೇರು ಅಗಿಯುವುದು ಹಲ್ಲುನೋವಿಗೆ, ಹಾವಿಗಲ್ಲ. ಅದನ್ನು ನಂಬಿ ಯಾರಾದರೂ ಆಸ್ಪತ್ರೆಗೆ ಹೋಗದೆ ಸತ್ತರೆ ಆ ಪಾಪ ಅಜ್ಜಿಗೂ ನಿನಗೂ ಸುತ್ತಿಕೊಳ್ಳುತ್ತದೆ. ಗೊಂಚಲನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡಿ ತಿನ್ನುತ್ತೇವೆ, ಜವರಯ್ಯನೇ ಎಲ್ಲರಿಗಿಂತ ಹೆಚ್ಚು ತಿನ್ನುತ್ತಾನೆ. ಚಾಪೆ ಹೆಣೆಯುವವರು ನಾವೇ. ಇದೆಲ್ಲ ನಿನಗೆ ಮೊದಲೇ ಗೊತ್ತು. ಆದರೂ ಮನೆಯವರು ಹೇಳಿದರೆ ಮಾತ್ರ ವರದಿಗೆ ಆಗುತ್ತದೆ ಎಂದೇನೋ ಇರಬೇಕು, ಅದಕ್ಕೇ ಬರೆದಿದ್ದೇನೆ. ಮೊದಲ ದಿನ ಹೇಳಿದ್ದನ್ನು ಆತನ ಮುಂದೆ ತಿದ್ದಲಿಲ್ಲ, ಇಡೀ ಬೀದಿಯನ್ನು ಸುಳ್ಳುಗಾರರನ್ನಾಗಿ ಮಾಡಿದಂತಾಗುತ್ತಿತ್ತು. ಎರಡನೆಯ ದಿನ ನನ್ನನ್ನು ಹೊಸದಾಗಿ ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ,
ಚಲುವಮ್ಮ

ಮತ್ತೆ: ಎರಡನೆಯ ದಿನ ನಿಜವನ್ನೇ ಹೇಳಿದೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಹಾಳೆಯ ತುದಿಯಲ್ಲಿ ‘ಮಕ್ಕಳೆಷ್ಟು?’ ಎಂದು ನೀನೇ ಬರೆದಿದ್ದೆ. ಮದನ್ ಕೇಳಿದಾಗ, ಇಲ್ಲ ಎಂದೆ. ಪಾಪ, ಪೆನ್ನು ತಡೆದು, ಬೇಜಾರ್ ಮಾಡ್ಕೋಬೇಡಿ ಅಮ್ಮ ಎಂದ. ಮಿಕ್ಕ ಸುಳ್ಳುಗಳನ್ನೆಲ್ಲ ನಾನು ತಿದ್ದಿ ಕಳಿಸಿದ್ದೇನೆ. ಇದೊಂದನ್ನು ತಿದ್ದುವುದು ಬಿಡುವುದು ನಿನಗೆ ಸೇರಿದ್ದು.